ಭಾವ ಮುಂದಕ್ಕೆ ಬಗ್ಗಿದ ಆಟ

ಅವತ್ತು ಭಾನುವಾರ. ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ಇಸ್ಪೀಟಾಟದಲ್ಲಿ ನನ್ನ ಕೈಗೆ ಎರಡು ಎಕ್ಕ ಬಂದವು. ಎಲ್ಲ ಕೆಡಲು ಶುರುವಾದದ್ದು ಅಲ್ಲಿಂದ.

ಗಂಟೆ ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಒಳ್ಳೆಯ ಎಲೆ ಬಂದಾಗ ಮುಖದಲ್ಲಿ ಏನೂ ಕಾಣಬಾರದೆಂದು ನಾನು ಗೋಡೆಯ ಗಡಿಯಾರದ ಕಡೆ ನೋಡುತ್ತೇನೆ. ಈ ಉಪಾಯ ಯಾರಿಗೂ ಗೊತ್ತಿಲ್ಲ ಎಂದು ಬಹಳ ಕಾಲ ನಂಬಿಕೊಂಡಿದ್ದೆ. ಅವತ್ತೂ ನೋಡಿದೆ. ಎದುರಿಗೆ ಕೂತಿದ್ದ ಭಾವ ತಮ್ಮ ಎಲೆಯಿಂದ ತಲೆ ಎತ್ತದೆಯೇ ಹೇಳಿದರು:

"ಮೇಷ್ಟ್ರೇ, ಇವ್ನು ಟೈಮ್ ನೋಡ್ದ. ಏನೋ ದೊಡ್ಡದೇ ಬಂದೈತೆ. ಹುಷಾರು."

ಮೇಷ್ಟ್ರು ಕೂಡಲೇ ತಮ್ಮ ಎರಡೆಲೆಯನ್ನು ಬೋರಲು ಇಳಿಸಿ ಆಟದಿಂದ ಹೊರಗಾದರು. ಹುಷಾರು ಎಂದು ಹೇಳಿದ ಭಾವ ಮಾತ್ರ ಆಟ ಬಿಡಲಿಲ್ಲ. ಅವರ ಕೈಯಲ್ಲಿ ಇದ್ದದ್ದು ಏಳು ಮತ್ತು ಎರಡು. ಪೋಕರಿನಲ್ಲಿ ಇದಕ್ಕಿಂತ ಕೆಟ್ಟ ಜೋಡಿ ಇಲ್ಲ ಎಂದು ಮೇಷ್ಟ್ರು ಅವರಿಗೆ ಎಷ್ಟೋ ಸಲ ಪಾಠ ಮಾಡಿದ್ದರು.

ಆಡುವವರು ನಾವು ಮೂರೇ ಜನ. ಭಾವ ಎಂದರೆ ನನ್ನ ಅಕ್ಕನ ಗಂಡ. ಚಳ್ಳಕೆರೆಯಲ್ಲಿ ಅವರದು ಶೇಂಗಾ ಕೊಂಡು ಎಣ್ಣೆ ಮಿಲ್ಲುಗಳಿಗೆ ಹಾಕುವ ವ್ಯಾಪಾರ. ವ್ಯಾಪಾರ ನಡೆಸುವವಳು ಅಕ್ಕ, ಅದರ ಬಗ್ಗೆ ಮಾತಾಡುವವರು ಭಾವ. ಮೇಷ್ಟ್ರು ಕೊಂಡ್ಲಹಳ್ಳಿಯವರು, ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾರೆ. ನಾನು ಮೊಳಕಾಲ್ಮೂರಿನವನು. ಬಿ.ಕಾಂ. ಮುಗಿಸಿ ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಭಾನುವಾರ ಬೇಗ ಉಂಡು ಬಸ್ಸು ಹತ್ತಿದರೆ ಬಿ.ಜಿ. ಕೆರೆಯಲ್ಲಿ ಮೇಷ್ಟ್ರು ಹತ್ತಿಕೊಳ್ಳುತ್ತಾರೆ. ಅಲ್ಲಿಂದ ಚಳ್ಳಕೆರೆಯವರೆಗೆ ಅವರು ಹಿಂದಿನ ವಾರ ನಾನು ಯಾಕೆ ಸೋತೆ ಎಂಬುದನ್ನು ಬಸ್ಸಿನ ಅರ್ಧ ಜನಕ್ಕೆ ಕೇಳುವ ಹಾಗೆ ವಿವರಿಸುತ್ತಾರೆ. ಕಂಡಕ್ಟರ್ ಒಮ್ಮೆ ಟಿಕೆಟ್ ಹರಿಯುತ್ತಾ, "ಹಂಗಾರೆ ಇವ್ರು ಎಲೆ ಇಳಿಸ್ಬೇಕಿತ್ತಲ್ಲ ಸಾರ್," ಎಂದಿದ್ದ. ಅಷ್ಟರಮಟ್ಟಿಗೆ ಆ ಮಾರ್ಗದಲ್ಲಿ ನನ್ನ ಸೋಲು ಪ್ರಸಿದ್ಧ.

ಪೋಕರು ನಮ್ಮ ಕಡೆಯ ಆಟವಲ್ಲ. ಮೇಷ್ಟ್ರು ಅದನ್ನು ಮೊಬೈಲಿನಲ್ಲಿ ನೋಡಿ ಕಲಿತು ಬಂದರು. ಅಂದರ್ ಬಾಹರ್ ಆಡಿದರೆ ಪೊಲೀಸರು ಬರುತ್ತಾರೆ, ರಮ್ಮಿ ಆಡಿದರೆ ಆಕಳಿಕೆ ಬರುತ್ತದೆ, ಇದರಲ್ಲಿ ಬುದ್ಧಿಗೆ ಕೆಲಸವಿದೆ ಎಂದರು. ಆಟ ಸರಳ. ಕೈಗೆ ಎರಡು ಎಲೆ, ಯಾರಿಗೂ ತೋರಿಸುವಂತಿಲ್ಲ. ನಡುವೆ ಐದು ಎಲೆ, ಎಲ್ಲರಿಗೂ ಸೇರಿದ್ದು, ಮೊದಲು ಮೂರು, ಆಮೇಲೆ ಒಂದೊಂದಾಗಿ ತೆರೆಯುತ್ತವೆ. ಎರಡನ್ನೂ ಕೂಡಿಸಿ ಯಾರದು ದೊಡ್ಡದಾಗುತ್ತದೋ ಅವರು ಗೆದ್ದರು. ಒಂದು ಜೋಡಿಗಿಂತ ಎರಡು ಜೋಡಿ ದೊಡ್ಡದು, ಅದಕ್ಕಿಂತ ಒಂದೇ ಥರದ ಮೂರು ಎಲೆ. ಸಣ್ಣ ಎಲೆ ಹಿಡಿದು ದೊಡ್ಡ ಎಲೆ ಇರುವವನಂತೆ ನಟಿಸಬಹುದು. ಭಾವನಿಗೆ ಈ ನಿಯಮ ಬಹಳ ಹಿಡಿಸಿತು.

ಅಕ್ಕ ಒಂದೇ ಷರತ್ತು ಹಾಕಿದಳು. "ದುಡ್ಡು ಇಟ್ಟರೆ ಎಲೆ ಒಲೆಗೆ ಹಾಕ್ತೀನಿ." ಹಾಗಾಗಿ ಪಣಕ್ಕೆ ಶೇಂಗಾ ಬಂತು. ಮನೆಗೆ ಅಂಟಿಕೊಂಡ ಗೋದಾಮಿನಲ್ಲೇ ಕೂತು ಆಡುತ್ತಿದ್ದೆವು, ಕೈಚಾಚಿದರೆ ಶೇಂಗಾ. ಎರಡು ಬೀಜದ ಕಾಯಿಗೆ ಒಂದರ ಬೆಲೆ, ಮೂರು ಬೀಜದ ಕಾಯಿಗೆ ಹತ್ತರ ಬೆಲೆ. ಹೊರಗಿನಿಂದ ಮೂರು ಬೀಜದ ಹಾಗೆ ಕಂಡು ಒಳಗೆ ಎರಡೇ ಇರುವ ಕಾಯಿಗಳೂ ಉಂಟು. ಅದಕ್ಕೇ ನಮ್ಮ ಆಟದಲ್ಲಿ ಯಾರಾದರೂ ದೊಡ್ಡದಾಗಿ ಪಣ ಇಟ್ಟರೆ ಉಳಿದವರು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಾರೆ. ಮೇಷ್ಟ್ರು ಕಣ್ಣು ಮುಚ್ಚಿ ಅಲ್ಲಾಡಿಸುವುದನ್ನು ನೋಡಿದವರು ಯಾವುದೋ ಸಂಗೀತ ಪರೀಕ್ಷೆ ನಡೆಯುತ್ತಿದೆ ಅಂದುಕೊಳ್ಳಬೇಕು.

ಶೇಂಗಾ ತೆಗೆಯುವುದಕ್ಕೂ ಒಂದು ಪದ್ಧತಿ ಬಿದ್ದಿತ್ತು. ಚೀಲಗಳನ್ನು ಒಂದರ ಮೇಲೊಂದು ಸೂರಿನ ಹತ್ತಿರದವರೆಗೆ ಪೇರಿಸಿದ ಅಟ್ಟಿ ಇತ್ತಲ್ಲ, ಅದರ ಕೆಳಗಿನ ಸಾಲಿನ ಒಂದು ಚೀಲದ ಮೂಲೆಯಲ್ಲಿ ಇಲಿ ಕಡಿದ ತೂತು. ಮೊದಲ ಭಾನುವಾರ ಭಾವ ಅದಕ್ಕೆ ಎರಡು ಬೆರಳು ಹಾಕಿ ಅಗಲ ಮಾಡಿದರು. ಆಮೇಲೆ ವಾರವಾರವೂ ಅಲ್ಲಿಂದಲೇ ಒಬ್ಬೊಬ್ಬರಿಗೆ ಒಂದೊಂದು ಬೋಗುಣಿ ತುಂಬಿಸಿಕೊಂಡು, ಮುಗಿದ ಮೇಲೆ ಹಳೆ ಪೇಪರು ತುರುಕಿ ತೂತು ಮುಚ್ಚುತ್ತಿದ್ದೆವು. ಗೆದ್ದ ಶೇಂಗಾ ಮತ್ತೆ ಚೀಲಕ್ಕೆ ಹೋದದ್ದನ್ನು ನಾನು ನೋಡಿಲ್ಲ. ಪಣವನ್ನು ಎಲ್ಲರೂ ತಿನ್ನುತ್ತಿದ್ದೆವು. ಗೆದ್ದವರು ಖುಷಿಗೆ, ಸೋತವರು ಬೇಜಾರಿಗೆ. ಮೇಷ್ಟ್ರು ಲೆಕ್ಕ ಹಾಕುವಾಗ.

ಇಷ್ಟು ಹೇಳಿದ ಮೇಲೆ ನನ್ನ ಅದೃಷ್ಟದ ವಿಚಾರವನ್ನೂ ಹೇಳಬೇಕು. ನಾನು ಕೆಟ್ಟ ಆಟಗಾರನಲ್ಲ. ಇದನ್ನು ಮೇಷ್ಟ್ರೇ ಒಪ್ಪುತ್ತಾರೆ. ನನಗೆ ಒಳ್ಳೆಯ ಎಲೆ ಬರುತ್ತದೆ, ನಾಲ್ಕನೇ ಎಲೆ ತೆರೆಯುವವರೆಗೆ ನಾನೇ ಮುಂದಿರುತ್ತೇನೆ, ಐದನೆಯದು ಬಂದು ಎಲ್ಲವನ್ನೂ ತೆಗೆದುಕೊಂಡು ಹೋಗುತ್ತದೆ. ದುರದೃಷ್ಟವನ್ನು ತಡೆಯಲು ಮನುಷ್ಯ ಏನೇನು ಮಾಡಬಹುದೋ ಅಷ್ಟನ್ನೂ ಮಾಡಿದ್ದೇನೆ. ಎರಡು ಸೋಲು ಆದ ಮೇಲೆ ಎದ್ದು ಹೋಗಿ ಮುಖ ತೊಳೆದಿದ್ದೇನೆ. ಎಲೆ ಕಟ್ಟು ಬದಲಾಯಿಸಿದ್ದೇನೆ. ಎಡಗೈಯಲ್ಲಿ ಎಲೆ ಎತ್ತಿದ್ದೇನೆ. ಒಂದು ವಾರ ಶರ್ಟು ತಿರುಗಾಮುರುಗಾ ಹಾಕಿಕೊಂಡು ಬಂದಿದ್ದೆ. ಬಸ್ಸಿನಲ್ಲಿ ಮೇಷ್ಟ್ರು ಪಕ್ಕದಲ್ಲಿ ಕೂರಲಿಲ್ಲ. ಇದಕ್ಕೆಲ್ಲ ಅವರದು ಒಂದೇ ಉತ್ತರ. "ಎಲೆಗೆ ನಿನ್ನ ಪರಿಚಯ ಇಲ್ಲ ಕಣಯ್ಯಾ. ನಿನ್ನ ಮೇಲೆ ಸಿಟ್ಟು ಮಾಡ್ಕಳಾಕೆ ಅದಕ್ಕೆ ಪುರುಸೊತ್ತೂ ಇಲ್ಲ." ಒಪ್ಪಬೇಕಾದ ಮಾತು. ಸೋಲುವಾಗ ಮಾತ್ರ ಒಪ್ಪಲಾಗುವುದಿಲ್ಲ.

ಆ ಭಾನುವಾರ ನಾನು ಕೊನೆಯ ಉಪಾಯ ಮಾಡಿದ್ದೆ. ಭಾವನ ಜಾಗ ಕೇಳಿದ್ದೆ.

ಭಾವ ಯಾವಾಗಲೂ ಬಾಗಿಲ ಕಡೆ ಕೂರುತ್ತಿದ್ದರು, ನಾನು ಅಟ್ಟಿಗೆ ಬೆನ್ನು ಕೊಟ್ಟು. "ಆ ಜಾಗದಲ್ಲೇ ಏನೋ ಐತೆ ಭಾವ. ಇವತ್ತೊಂದಿನ ನಾನು ಕೂರ್ತೀನಿ," ಎಂದೆ.

"ಕೂತ್ಕೋ. ನನಗೇನು, ಹಿಂದಕ್ಕೆ ಒರಗಾಕೆ ಆಸರೆ ಸಿಕ್ತು," ಎಂದು ಅವರು ಎದ್ದು ಬಂದು ಚೀಲಗಳಿಗೆ ಒರಗಿ, ಕುಡಿಯುವ ನೀರಿನ ಚೊಂಬನ್ನು ಬೆನ್ನ ಹಿಂದೆ ಸೇರಿಸಿಟ್ಟುಕೊಂಡರು.

ಈಗ ಆ ಆಟ. ನಡುವೆ ನಾಲ್ಕು ಎಲೆ ತೆರೆದಿದ್ದವು: ಏಳು, ರಾಜ, ನಾಲ್ಕು, ಒಂಬತ್ತು. ಭಾವನಿಗೆ ಒಂದು ಏಳರ ಜೋಡಿಯಾಗಿತ್ತು. ನನ್ನ ಹತ್ತಿರ ಎಕ್ಕದ ಜೋಡಿ. ನಾನು ಬೋಗುಣಿಯಲ್ಲಿದ್ದ ಎಲ್ಲ ಶೇಂಗಾವನ್ನೂ ನಡುವೆ ಸುರಿದೆ. ಭಾವನೂ ಸುರಿದರು. ಕೊನೆಯ ಎಲೆ ತೆರೆಯುವುದು ಮೇಷ್ಟ್ರ ಕೆಲಸ. ಅವರು ತೆರೆದರು. ಇನ್ನೊಂದು ಏಳು.

ಅವರದು ಮೂರು ಏಳು ಆಯಿತು. ನಾನು ಸೋತೆ.

"ಏಳು ಬಂದ್ರೆ ಬಿಡಬಾರ್ದು ಅಂತ ನಾನು ಅವತ್ತಿಂದ ಹೇಳ್ತಿದೀನಿ," ಎನ್ನುತ್ತಾ ಭಾವ ಎರಡು ಕೈಯನ್ನೂ ಚಾಚಿ, ಇಡೀ ಶೇಂಗಾ ರಾಶಿಯನ್ನು ತಬ್ಬಿಕೊಳ್ಳುವವರಂತೆ ಮುಂದಕ್ಕೆ ಬಗ್ಗಿದರು. ಹೊಟ್ಟೆ ಇರುವ ಮನುಷ್ಯ, ಬಗ್ಗಲು ಪೂರ್ತಿ ಬಗ್ಗಬೇಕು. ಆಗ ಅವರ ಬೆನ್ನ ಹಿಂದೆ ಒಂದು ಸದ್ದಾಯಿತು. ದೊಡ್ಡ ಸದ್ದೇನಲ್ಲ. ಯಾರೋ ದೊಡ್ಡ ದೇಹದವರು ಕೂತಲ್ಲಿಂದ ಏಳುವಾಗ ಬಿಡುವ ಉಸಿರಿನ ಹಾಗೆ. ನಾನು ತಲೆ ಎತ್ತಿದೆ. ಅಟ್ಟಿಯ ಮೇಲಿನ ಭಾಗ ನಮ್ಮ ಕಡೆ ಬಾಗಿತ್ತು. ನಾನು ಕೂಗಬೇಕಿತ್ತು. ಕೂಗಲಿಲ್ಲ, ಬಾಯಲ್ಲಿ ಶೇಂಗಾ ಇತ್ತು.

ಚೀಲಗಳು ಬಿದ್ದವು. ಭಾವ ಅರೆಗಳಿಗೆಯ ಹಿಂದೆ ತಲೆ ಇಟ್ಟು ಒರಗಿದ್ದ ಜಾಗದಲ್ಲಿ ಮೊದಲನೆಯದು, ಅದರ ಮೇಲೆ ಎರಡನೆಯದು, ಆಮೇಲೆ ನಾನು ನೋಡಲಿಲ್ಲ. ಒಂದು ಚೀಲ ಒಡೆದು ಶೇಂಗಾ ನಮ್ಮ ಮೊಣಕಾಲವರೆಗೆ ಹರಿದು ಬಂತು. ಧೂಳು ತಿಳಿಯಾದಾಗ ಭಾವ ಇನ್ನೂ ಹಾಗೆಯೇ ಬಗ್ಗಿಕೊಂಡಿದ್ದರು, ಕೈ ರಾಶಿಯ ಸುತ್ತ. ಬೆನ್ನ ಮೇಲೆ ಸಿಪ್ಪೆ, ಮಣ್ಣು. ನಾನೂ ಮೇಷ್ಟ್ರೂ ಉಸಿರು ಹಿಡಿದು ನೋಡುತ್ತಿದ್ದೆವು. ಅವರು ತಲೆ ಎತ್ತದೆ ಹೇಳಿದ ಮೊದಲ ಮಾತು ಇದು:

"ಎಲೆ ಮುಟ್ಟಬೇಡ್ರಿ. ಶೋ ಆಗೈತೆ."

ಚೀಲ ಸರಿಸಿದಾಗ ಸ್ಟೀಲ್ ಚೊಂಬು ಸಿಕ್ಕಿತು. ಅದು ತಟ್ಟೆಯಾಗಿತ್ತು.

ಅಕ್ಕ ಬಂದಳು. ಮೊದಲು ಗಂಡನ ತಲೆ, ಭುಜ, ಬೆನ್ನು ಮುಟ್ಟಿ ನೋಡಿದಳು. ಪೆಟ್ಟಾಗಿಲ್ಲ ಎಂದು ಖಾತ್ರಿಯಾದ ಮೇಲೆ ಅಟ್ಟಿಯ ಬುಡಕ್ಕೆ ಹೋದಳು. ಅಲ್ಲಿ ನಮ್ಮ ಚೀಲ ಇತ್ತು. ಪಕ್ಕದ ಚೀಲಗಳೆಲ್ಲ ಉಬ್ಬಿಕೊಂಡಿದ್ದರೆ ಅದೊಂದು ಉಪವಾಸವಿದ್ದವನ ಹೊಟ್ಟೆಯ ಹಾಗೆ ಒಳಕ್ಕೆ ಸೇರಿತ್ತು. ಅವಳು ಪೇಪರು ಕಿತ್ತು ತೂತಿಗೆ ಕೈ ಹಾಕಿದಳು. ಮೊಣಕೈವರೆಗೆ ಹೋಯಿತು.

"ಮೂರು ಜನ ಓದ್ದೋರು," ಎಂದಳು. "ಒಬ್ರು ಗಣಿತ. ಒಬ್ನು ಬಿ.ಕಾಂ. ಇವ್ರು ಶೇಂಗಾ ವ್ಯಾಪಾರಿ. ಮೇಲಿರೋ ಚೀಲ ಕೆಳಗಿನ ಚೀಲದ ಮೇಲೆ ಕೂತಿರ್ತೈತೆ ಅಂತ ಯಾವ ಸ್ಕೂಲಲ್ಲೂ ಹೇಳಿಕೊಡ್ಲಿಲ್ವಾ?"

ಭಾವ ಬೆನ್ನ ಮೇಲಿನ ಸಿಪ್ಪೆ ಕೊಡವಿಕೊಂಡರು.

"ಸೋಮವಾರ ಬೆಳಿಗ್ಗೆ ಹಮಾಲರು ಇಲ್ಲೇ ಕೂತು ತಿಂಡಿ ತಿಂತಾರೆ. ಅದು ತಲೇಲೈತಾ?"

ಅವಳು ಅಷ್ಟು ಹೇಳಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಅವಳು ಮೂಗು ಸೀಟಿಕೊಂಡ ಸದ್ದು ಕೇಳಿಸಿತು. ಭಾವ ಒಂದು ಶೇಂಗಾ ಸುಲಿಯಲು ಹೋದರು. ಸುಲಿಯಲಾಗಲಿಲ್ಲ. ನಾನು ಸುಲಿದುಕೊಟ್ಟೆ.

ಅವತ್ತು ವಾಪಸು ಬರುವಾಗ ಬಸ್ಸಿನಲ್ಲಿ ಮೇಷ್ಟ್ರು ಬಿ.ಜಿ. ಕೆರೆ ಹತ್ತಿರವಾಗುವವರೆಗೆ ಬಾಯಿ ಬಿಡಲಿಲ್ಲ. ಆಮೇಲೆ ಸುಮ್ಮನಿರಲಾರದೆ ಹೇಳಿದರು. ಸಮಾಧಾನಕ್ಕೆ ಹೇಳಿದ್ದೆಂದು ಈಗಲೂ ನಂಬಿದ್ದೇನೆ.

"ನಾಲ್ಕು ಎಲೆ ಬಿದ್ದಾಗ ಕಾಣದೇ ಉಳಿದಿದ್ದು ನಲವತ್ನಾಲ್ಕು. ಅದರಲ್ಲಿ ನಿಮ್ಮ ಭಾವ ಗೆಲ್ಲೋ ಎಲೆ ಐದೇ. ಎರಡು ಏಳು, ಮೂರು ಎರಡು. ಅಂಥಾದ್ರಲ್ಲಿ ಗೆದ್ದು ಬಗ್ಗಿದ್ರು ಅಂದ್ರೆ, ಏನು ಅದೃಷ್ಟ ನೋಡು."

ಅವರು ಇಳಿದು ಹೋದರು. ಉಳಿದ ಮೂವತ್ತೊಂಬತ್ತು ಎಲೆ ನನ್ನ ಜೊತೆ ಮೊಳಕಾಲ್ಮೂರಿಗೆ ಬಂದವು.

ಪೋಕರು ಆಡುವವರಿಗೆ ಸೋತ ಆಟವನ್ನು ಮತ್ತೆ ಮತ್ತೆ ಆಡುವ ಚಾಳಿ ಇರುತ್ತದೆ. ಆ ಎಲೆ ಬರದಿದ್ದರೆ, ಈ ಎಲೆ ಬಂದಿದ್ದರೆ ಎಂದು ವಾರಗಟ್ಟಲೆ ಕೊರಗುತ್ತೇವೆ. ನನಗೆ ಅದರಲ್ಲಿ ಒಳ್ಳೆಯ ಅಭ್ಯಾಸವಿತ್ತು. ಈಗ ಅಭ್ಯಾಸ ತಿರುಗಿ ಕೂತಿತು. ಹಾಸಿಗೆಯಲ್ಲಿ ಕಣ್ಣು ಮುಚ್ಚಿದರೆ ಮೇಷ್ಟ್ರ ಕೈ ಎಲೆ ತೆರೆಯುತ್ತದೆ. ಕಲಾವರ್ ಮೂರು. ನಾನು ಗೆಲ್ಲುತ್ತೇನೆ, ನಾನು ಬಗ್ಗುತ್ತೇನೆ, ಭಾವ ನಿಟ್ಟುಸಿರು ಬಿಟ್ಟು ಹಿಂದಕ್ಕೆ ಒರಗುತ್ತಾರೆ. ಸದ್ದಾಗುತ್ತದೆ, ನಾನು ಎದ್ದು ಕೂರುತ್ತೇನೆ. ಮತ್ತೆ ಮಲಗುತ್ತೇನೆ. ಡೈಮನ್ ರಾಣಿ. ಮತ್ತೆ ನಾನೇ ಗೆಲ್ಲುತ್ತೇನೆ. ಇಡೀ ಜೀವಮಾನದಲ್ಲಿ ನಾನು ಅಷ್ಟು ಸಲ ಗೆದ್ದಿರಲಿಲ್ಲ.

ಮತ್ತೆ ಆ ಜಾಗ ಬದಲಾಯಿಸಿದ್ದು. ಅದನ್ನು ನಾನು ಯಾರ ಹತ್ತಿರವೂ ಎತ್ತಲಿಲ್ಲ. ಯಾರೂ ನನ್ನ ಹತ್ತಿರ ಎತ್ತಲಿಲ್ಲ. ಅದು ಇನ್ನೂ ಕಷ್ಟ.

ಹಗಲು ಅಂಗಡಿಯಲ್ಲಿ ತೂಕಡಿಸತೊಡಗಿದೆ. ಒಬ್ಬರ ಆಧಾರ್ ಕಾರ್ಡನ್ನು ಇನ್ನೊಬ್ಬರ ಪಹಣಿಯ ಹಿಂಬದಿಗೆ ಜೆರಾಕ್ಸ್ ಮಾಡಿ ಕೊಟ್ಟೆ. ಪಕ್ಕದ ಮನೆಯಲ್ಲಿ ರೇಷ್ಮೆ ಸೀರೆ ನೇಯುವ ಅಜ್ಜ ಇದ್ದಾರೆ, ಮನೆಮಾತು ತೆಲುಗು. ಬೆಳಿಗ್ಗೆ ಹಲ್ಲುಜ್ಜುತ್ತಾ ನನ್ನ ಮುಖ ನೋಡಿ, "ಏಮಯ್ಯಾ, ನಿದ್ರ ಪಟ್ಟಲೇದಾ?" ಎಂದು ಕೇಳುತ್ತಿದ್ದರು. ನಿದ್ದೆ ಬರಲಿಲ್ಲ ಅಜ್ಜಾ ಎಂದರೆ, "ಮಗ್ಗದ ಸದ್ದು ಜಾಸ್ತಿ ಆಯ್ತೇನು?" ಎಂದು ಅವರೇ ಬೇಜಾರು ಮಾಡಿಕೊಳ್ಳುತ್ತಿದ್ದರು. ನನ್ನ ಹೆಂಡತಿಗೆ ಅಷ್ಟು ಸಹನೆ ಇರಲಿಲ್ಲ.

"ಅಲ್ಲಾ ರೀ, ಚೀಲ ಬಿದ್ದಿದ್ದು ನಿಮ್ಮ ಮೇಲಲ್ಲ. ಭಾವನ ಮೇಲೂ ಅಲ್ಲ. ಯಾರ ಮೇಲೂ ಬೀಳದೇ ಇರೋ ಚೀಲಕ್ಕೆ ನೀವೊಬ್ರು ನರಳ್ತಿದೀರಿ."

"ಬೀಳಬೋದಿತ್ತಲ್ಲ."

"ನಮ್ಮ ಮದುವೇನೂ ತಪ್ಪಬೋದಿತ್ತು. ನಾನೇನು ದಿನಾ ಎದ್ದು ಕೂತು ಖುಷಿ ಪಡ್ತೀನಾ?"

ಎರಡು ಭಾನುವಾರ ನಾನು ಚಳ್ಳಕೆರೆಗೆ ಹೋಗಲಿಲ್ಲ. ಮೂರನೆಯದಕ್ಕೆ ಅಕ್ಕ ಫೋನ್ ಮಾಡಿದಳು. "ಲೇ ತಮ್ಮಾ, ಬಾರೋ. ನಿಮ್ಮ ಭಾವ ಭಾನುವಾರ ಬಂದ್ರೆ ನನ್ನ ಜೊತೆ ಮಾತಾಡಾಕೆ ಬರ್ತಾರೆ. ನನಗೆ ಕೆಲಸ ಐತೆ."

ಹೋದೆ. ಗೋದಾಮಿಗೆ ಪ್ರವೇಶವಿರಲಿಲ್ಲ. ಅಕ್ಕ ನಮಗೆ ಮನೆಯ ಮುಂದಿನ ಕಟ್ಟೆ ಕೊಟ್ಟಿದ್ದಳು. ಭಾವ ಮೇಲೆ ಕೈ ತೋರಿಸಿ, "ನೋಡು, ಸೂರಿಲ್ಲ, ಅಟ್ಟಿ ಇಲ್ಲ. ಬಿದ್ರೆ ಆಕಾಶನೇ ಬೀಳ್ಬೇಕು," ಎಂದರು. ಶೇಂಗಾ ಕೂಡ ಇರಲಿಲ್ಲ. ಅದರ ಬದಲು ಒಂದು ಡಬ್ಬಿ ಹುಣಸೆ ಬೀಜ. "ತಿನ್ನಾಕೆ ಬರಂಗಿಲ್ಲ, ಅದಕ್ಕೇ ಕೊಟ್ಟಿದೀನಿ," ಎಂದು ಅಕ್ಕ ಹೇಳಿ, ನಮ್ಮನ್ನು ನಂಬಲಾಗದೆ ತಾನೂ ಒಂದು ಮಣೆ ಹಾಕಿಕೊಂಡು ಆಟಕ್ಕೆ ಕೂತಳು. ಅವಳಿಗೆ ಆಟ ಬರುವುದಿಲ್ಲವೆಂದು ನಾವು ಮೂವರೂ ಅಂದುಕೊಂಡಿದ್ದೆವು. ಮೊದಲ ಒಂದು ಗಂಟೆಯಲ್ಲಿ ಮೇಷ್ಟ್ರ ಬೀಜಗಳಲ್ಲಿ ಅರ್ಧ ಅವಳ ಸೆರಗಿನಲ್ಲಿತ್ತು.

ವಿಚಿತ್ರವೆಂದರೆ ಅವತ್ತು ನನಗೆ ಎಲೆ ಬರಲು ಶುರುವಾಯಿತು. ಬರೀ ಒಳ್ಳೆಯ ಎಲೆಯಲ್ಲ, ಕೊನೆಯವರೆಗೆ ನಿಲ್ಲುವ ಎಲೆ. ಇಷ್ಟು ದಿನ ಇದಕ್ಕಾಗಿಯೇ ಮುಖ ತೊಳೆದವನು ನಾನು. ಆದರೆ ಎದುರಿಗೆ ಭಾವ ಆಟದಲ್ಲಿದ್ದರೆ ನನ್ನ ಕೈ ಪಣ ಇಡುತ್ತಿರಲಿಲ್ಲ. ನಾನು ಗೆದ್ದರೆ ಅವರು ಬಗ್ಗುವುದಿಲ್ಲ. ಮೇಲೆ ಆಕಾಶ ಮಾತ್ರ ಇದೆ ಎಂದು ಬುದ್ಧಿಗೆ ಗೊತ್ತು, ಕೈಗೆ ಗೊತ್ತಿಲ್ಲ. ಎಲೆ ಇಳಿಸಿಬಿಡುತ್ತಿದ್ದೆ. ಭಾವ ಗೆದ್ದು ಮುಂದಕ್ಕೆ ಬಗ್ಗಿ ಬೀಜ ಬಾಚಿಕೊಂಡಾಗ ನನ್ನ ಎದೆ ಹಗುರವಾಗುತ್ತಿತ್ತು. ಸೋಲಿನಲ್ಲಿ ಇಂಥ ಸುಖವಿದೆ ಎಂದು ಯಾರೂ ಹೇಳಿರಲಿಲ್ಲ. ಸುಖ ಅಲ್ಲಿಗೇ ಮುಗಿಯುತ್ತಿತ್ತು. ಮನೆಗೆ ಬಂದು ಮಲಗಿದರೆ ಮತ್ತೆ ಅವೇ ಮೂವತ್ತೊಂಬತ್ತು.

ಹೀಗೆ ಎಷ್ಟೋ ಭಾನುವಾರ ನಡೆಯಿತು. ಭಾವ ತಮ್ಮ ಅದೃಷ್ಟಕ್ಕೆ ತಾವೇ ಬೆರಗಾಗಿದ್ದರು. "ಜೀವ ಉಳೀತು, ಆಟಾನೂ ಕೂಡಿ ಬರ್ತೈತೆ. ಯಾವ ಪುಣ್ಯವೋ," ಎನ್ನುತ್ತಿದ್ದರು. ಒಂದು ದಿನ ಮೇಷ್ಟ್ರು, ನಾನು ಇಳಿಸಿದ ಎಲೆಗಳನ್ನು ನಿಯಮ ಮೀರಿ ಮಗುಚಿ ನೋಡಿದರು. ಎರಡು ರಾಜ.

"ಇದನ್ನ ಯಾರಾದ್ರೂ ಇಳಿಸ್ತಾರೇನಯ್ಯಾ?"

"ಕಾಣಲಿಲ್ಲ," ಎಂದೆ.

"ಎರಡು ರಾಜ ಕಾಣಲಿಲ್ವಾ? ಕನ್ನಡಕ ಇದ್ದೂ?"

ಭಾವ ಬಾಚುತ್ತಿದ್ದ ಕೈಯನ್ನು ನಿಲ್ಲಿಸಿದರು. ಅವರಿಗೆ ತಿಳಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಬುರುಡೆ ಬಿಡುವುದರಲ್ಲಿ ಪಳಗಿದವರು ಇನ್ನೊಬ್ಬರ ಬುರುಡೆಯನ್ನು ಬೇಗ ಹಿಡಿಯುತ್ತಾರೆ.

"ಎಷ್ಟು ದಿನದಿಂದ ಇದು?"

ನಾನು ಎಲೆಗಳನ್ನು ಒಟ್ಟುಮಾಡತೊಡಗಿದೆ.

"ಲೇ, ನಾನು ಗೆದ್ದೆ ಗೆದ್ದೆ ಅಂತ ಊರೆಲ್ಲಾ ಹೇಳ್ಕಂಡು ಬಂದಿದೀನಿ. ಹಾಲಿನೋನಿಗೂ ಹೇಳಿದೀನಿ. ನೀನು ನನಗೆ ಭಿಕ್ಷೆ ಹಾಕ್ತಿದ್ದೀಯಾ?"

ಆಗ ಹೇಳಿದೆ. ಎಲೆಗಳ ವಿಚಾರ, ನಾನು ಗೆದ್ದಾಗಲೆಲ್ಲ ಅವರು ಹಿಂದಕ್ಕೆ ಒರಗುವ ವಿಚಾರ, ಸದ್ದಿನ ವಿಚಾರ. ಜಾಗ ಕೇಳಿದ್ದನ್ನೂ ಹೇಳಿದೆ. ಮೇಷ್ಟ್ರು ತಲೆ ತಗ್ಗಿಸಿದರು. ನಲವತ್ನಾಲ್ಕರ ಲೆಕ್ಕ ಹೇಳಿಕೊಟ್ಟವರು ಅವರೇ ಅಲ್ಲವೇ.

ಭಾವ ಕೈಯಲ್ಲಿದ್ದ ಹುಣಸೆ ಬೀಜಗಳನ್ನು ಕೆಳಗಿಟ್ಟರು. ಆಮೇಲೆ ಹೇಳಿದರು:

"ನೀನು ಜಾಗ ಕೇಳಿದೆ, ನಾನು ಕೊಟ್ಟೆ. ಕೇಳದೇ ಇದ್ರೆ ನೀನಿರ್ತಿದ್ದೆ ಅಲ್ಲಿ. ಮೂರು ಏಳು ಬಂದ್ರೂ ಬಗ್ಗೋನು ನಾನು, ನೀನಲ್ಲ. ಆಗ ನಾನು ನಿಮ್ಮಕ್ಕನ ಮುಖ ಹೆಂಗೆ ನೋಡ್ಲಿ? ನಿನ್ನ ಹೆಂಡ್ತಿ ಮುಖ? ನಾನೂ ಅದನ್ನ ಯೋಚನೆ ಮಾಡಿದೀನಿ ಕಣೋ. ನೀನೊಬ್ನೇ ಅಂದ್ಕಂಡ್ಯಾ?"

ಇದು ನನಗೆ ಹೊಳೆದೇ ಇರಲಿಲ್ಲ. ಅಷ್ಟು ರಾತ್ರಿ ಅಷ್ಟು ಎಲೆ ತಿರುಗಿಸಿದವನು, ನನ್ನನ್ನು ನನ್ನ ಹಳೆಯ ಜಾಗದಲ್ಲಿ ಒಂದು ಸಲವೂ ಕೂರಿಸಿ ನೋಡಿರಲಿಲ್ಲ.

"ಮಾತು ಸಾಕು," ಎಂದಳು ಅಕ್ಕ. ಅವಳ ಕಣ್ಣು ಕೆಂಪಾಗಿತ್ತು, ಕೈ ಮಾತ್ರ ಎಲೆ ಕಲೆಸುತ್ತಿತ್ತು. "ಇನ್ನೊಂದು ಆಟ. ಇವ್ನು ಎಲೆ ಇಳಿಸಿದ್ರೆ ಚಾ ಇಲ್ಲ. ಯಾರಿಗೂ ಇಲ್ಲ."

ಹಂಚಿದಳು. ನನಗೆ ಒಂದು ಗುಲಾಮ, ಒಂದು ಹತ್ತು. ಹೇಳಿಕೊಳ್ಳುವಂಥದ್ದಲ್ಲ. ಗಡಿಯಾರ ನೋಡುವ ಅಗತ್ಯ ಬರಲಿಲ್ಲ, ಕಟ್ಟೆಯ ಮೇಲೆ ಗಡಿಯಾರವೂ ಇರಲಿಲ್ಲ. ಅಕ್ಕ ಇಳಿಸಿದಳು, ಮೇಷ್ಟ್ರು ಇಳಿಸಿದರು. ನಡುವೆ ಮೂರು, ಗುಲಾಮ, ಎಂಟು ಬಿದ್ದವು. ಭಾವ ಪಣ ಏರಿಸಿದರು. ಐದು ಬಿತ್ತು. ಮತ್ತೆ ಏರಿಸಿದರು. ಬುರುಡೆಯಲ್ಲ ಎಂದು ಗೊತ್ತಾಗುತ್ತಿತ್ತು. ಬುರುಡೆ ಬಿಡುವಾಗ ಅವರು ಹಾಡು ಗುನುಗುತ್ತಾರೆ, ಈಗ ಗುನುಗುತ್ತಿರಲಿಲ್ಲ. ಎಲೆ ಇಳಿಸಬೇಕಾದ ಜಾಗ ಅದು. ಯಾವ ವಿವೇಕಿಯಾದರೂ ಇಳಿಸುತ್ತಿದ್ದ.

"ಚಾ," ಎಂದರು ಮೇಷ್ಟ್ರು ಮೆಲ್ಲಗೆ.

ನಾನು ಬೋಗುಣಿಯಲ್ಲಿದ್ದದ್ದನ್ನು ಪೂರ್ತಿ ನಡುವೆ ಸುರಿದೆ. ಅಂಗೈ ಬೆವತಿತ್ತು, ಎರಡು ಬೀಜ ಅಂಟಿಕೊಂಡಿದ್ದವು, ಅವನ್ನೂ ಕೊಡವಿದೆ. ಅಕ್ಕ ಕೊನೆಯ ಎಲೆ ತೆರೆದಳು. ಹತ್ತು.

ಭಾವ ತಮ್ಮ ಎರಡು ರಾಣಿಯರನ್ನು ತೋರಿಸಿದರು. ನನ್ನದು ಗುಲಾಮರ ಜೋಡಿ, ಹತ್ತರ ಜೋಡಿ. ನಾನು ಗೆದ್ದಿದ್ದೆ.

ಭಾವ ಬಗ್ಗಲಿಲ್ಲ. ಎರಡೂ ಕೈಯನ್ನು ಹಿಂದೆ ಊರಿ, ಬೆನ್ನು ನೆಟ್ಟಗೆ ಮಾಡಿ, ಆಮೇಲೆ ನಿಧಾನವಾಗಿ ಹಿಂದಕ್ಕೆ ಒರಗಿದರು. ನಾನು ಅವರನ್ನೇ ನೋಡುತ್ತಿದ್ದೆ. ಬೀದಿಯಲ್ಲಿ ಟ್ರ್ಯಾಕ್ಟರ್ ಒಂದು ಹೋಯಿತು. ಎದುರು ಮನೆಯವರು ಬಟ್ಟೆ ತೆಗೆಯುತ್ತಿದ್ದರು. ಭಾವನ ಹಿಂದೆ ಬರೀ ಸುಣ್ಣ ಬಳಿದ ಗೋಡೆ ಇತ್ತು, ಅದು ನಿಂತೇ ಇತ್ತು.

"ನೋಡ್ತಾ ಕೂತ್ರೆ ಬೀಜ ತಾವಾಗೇ ಬರ್ತಾವಾ?" ಎಂದರು ಭಾವ. "ಬಗ್ಗಿ ಬಾಚ್ಕೋ. ಥೂ, ಆ ಹತ್ತು ಒಂದು ಬರದೇ ಇದ್ದಿದ್ರೆ."

ಬಾಚಿಕೊಂಡೆ. ಅಕ್ಕ ಚಾ ಇಡಲು ಎದ್ದಳು. ಅದು ಕುದಿಯುವಷ್ಟು ಹೊತ್ತೂ ಭಾವ ಅದೇ ಮಾತು ಆಡುತ್ತಿದ್ದರು: ನಾಲ್ಕು ಎಲೆಯವರೆಗೆ ತಾವೇ ಮುಂದಿದ್ದದ್ದು, ರಾಣಿಯರ ಜೋಡಿ ಎಂದರೆ ಸಾಮಾನ್ಯವಲ್ಲ ಎಂಬುದು, ಆ ಹತ್ತಕ್ಕೆ ಬೇರೆ ಜಾಗ ಇರಲಿಲ್ಲವೇ ಎಂಬುದು. ಮೇಷ್ಟ್ರು ಇದಕ್ಕೂ ಲೆಕ್ಕ ಹೇಳಲು ಬಾಯಿ ತೆರೆದರು. ಅಕ್ಕ ಒಳಗಿನಿಂದ, "ಮೇಷ್ಟ್ರೇ, ಬ್ಯಾಡ," ಎಂದಳು. ಅವರು ಬಾಯಿ ಮುಚ್ಚಿ ಚಾ ಕುಡಿದರು.

ಮರುದಿನ ಸೋಮವಾರ. ಮೊಳಕಾಲ್ಮೂರಿನಲ್ಲಿ ಬೆಳಗಾಗುವ ಮೊದಲೇ ನಲ್ಲಿಗೆ ನೀರು ಬಂದಿತ್ತಂತೆ. ಹೆಂಡತಿ ನನ್ನ ತಲೆಯ ಪಕ್ಕದಲ್ಲೇ ಕೊಡಗಳನ್ನು ಎಳೆದಾಡಿ, ಡ್ರಮ್ಮು ಉರುಳಿಸಿ, ಒಬ್ಬಳೇ ನೀರು ತುಂಬಿದ್ದಳು. ಅಜ್ಜನ ಮಗ್ಗ ಶುರುವಾಗಿ ಎಷ್ಟೋ ಹೊತ್ತಾಗಿತ್ತು. ಯಾರೋ ಅಂಗಡಿ ಯಾಕೆ ತೆರೆದಿಲ್ಲವೆಂದು ಮನೆಯವರೆಗೆ ಬಂದು ಕೇಳಿ ಹೋಗಿದ್ದರು. ನಾನು ಎದ್ದಾಗ ಬಿಸಿಲು ಹಾಸಿಗೆ ದಾಟಿ ಗೋಡೆಯ ಬುಡಕ್ಕೆ ಹೋಗಿತ್ತು. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ನೀರು ತುಂಬ್ಸಾಕೆ ಎಬ್ಬಿಸ್ಬೇಕು ಅಂತ ಬಂದೆ," ಎಂದಳು. "ಗೊರಕೆ ಹೊಡೀತಿದ್ರಿ. ಬಿಟ್ಟೆ."